ಟಿಪ್ಪಣಿಗಳ ಬಿಡಾರ

ನಮ್ಮ ತಾಯಿಯವರು ಹೇಳುತ್ತಿದ್ದ ಒಗಟು, ಹಸೆಯ ಹಾಡು, ಮನೆಮದ್ದುಗಳನ್ನು ನಾನು 2003ನೆಯ ಇಸವಿಯಿಂದ ಗಣಕಯಂತ್ರದಲ್ಲಿ ಬರೆದಿಡುತ್ತ ಬಂದೆನು. ಅವರು ಈಗಿಲ್ಲ, ಬರಹಗಳಾದರೂ ಭದ್ರವಾಗಿವೆಯೆಂದು ನಂಬಿದ್ದೆನು. ತಂಗಿಯ ಮಗಳ ಮದುವೆಗೆಂದು ಒಂದು ಹಸೆಯ ಹಾಡನ್ನು ಹುಡುಕಹೋದಾಗ ಆ ನಂಬಿಕೆಯು ಎಷ್ಟು ಸಡಿಲವಾದುದೆಂದು ತಿಳಿಯಿತು.

ಈಚಿನ ಟಿಪ್ಪಣಿಗಳೆಲ್ಲವೂ ಒಂದು ಪರದೇಶದ ಸಂಸ್ಥೆಯ ತಂತ್ರಾಂಶದಲ್ಲಿದ್ದುವು. ಬಹುಕಾಲ ಪುಕ್ಕಟೆಯಾಗಿ ಆದರಿಸಿದ ಆ ಸಂಸ್ಥೆಯು ಒಂದು ದಿನ ಕರಾರನ್ನು ಬದಲಿಸಿ ಬಾಡಿಗೆ ಕೇಳಿತು. ಕೇಳಿದ್ದು ತಪ್ಪೆನ್ನಲಾರೆನು, ಆದರೆ ಮನೆ ಬಿಡುವೆನೆಂದಾಗ ನನ್ನ ಸಾಮಾನುಗಳು ಹೊರಬಂದುದು ಆ ಮನೆಯ ಬೀಗದ ಕೈಗೆ ಮಾತ್ರ ಸುಲಭವಾಗಿ ತೆರೆಯುವ ಪೆಟ್ಟಿಗೆಯಲ್ಲಿ.

ಆದುದರಿಂದ ಮುಕ್ತ ತಂತ್ರಾಂಶಗಳ ಕಡೆಗೆ ತಿರುಗಿದೆನು. ಇವುಗಳ ಮೂಲಬರಹವು ಎಲ್ಲರಿಗೂ ತೆರೆದಿರುವುದು. ಬಲ್ಲವರು ತಿದ್ದಿ ಹಂಚಬಹುದು. ಮೊದಲು ಜಾಪ್ಲಿನ್ ಎಂಬುದನ್ನು ಪರೀಕ್ಷಿಸಿದೆನು. ಅಂದವಾದುದು, ಫೋನಿಗೂ ಗಣಕಕ್ಕೂ ಹೊಂದಿಕೊಂಡು ನಡೆಯುವುದು. ಆದರೆ ಟಿಪ್ಪಣಿಗಳ ಬರಹವನ್ನೆಲ್ಲ ಎಸ್‌ಕ್ಯೂಲೈಟ್ ಎಂಬ ದತ್ತಕೋಶದೊಳಗೆ ಇರಿಸುವುದು. ಬೇಕೆಂದಾಗ ಹೊರತೆಗೆಯಲು ದಾರಿಯುಂಟು, ನಿಜ. ಆದರೂ ನಾನು ತೆನಾಲಿ ರಾಮಕೃಷ್ಣನ ಬೆಕ್ಕಿನಂತೆ ಹಿಂದೆಗೆದೆನು.

ಕೊನೆಗೆ ಆರಿಸಿದುದು ಜಿಮ್. (ಕನ್ನಡದಲ್ಲಿ ಬರೆದರೆ ಗರಡಿಮನೆಯ ಹೆಸರಾಗಿ ಕಾಣುವುದು, ಮೈಗೆ ಏನೂ ಪ್ರಯೋಜನವಿಲ್ಲ.) 1989ರಲ್ಲಿ ಸ್ಟಾಲ್ಮನ್ನರು ಮೊದಲು ಹೊರಡಿಸಿದ ಗ್ನೂ ಸಾರ್ವಜನಿಕ ಪರವಾನಗಿಯ ಮೇಲೆ ದೊರೆಯುವ ಈ ತಂತ್ರಾಂಶದಲ್ಲಿ ಪುಟಕ್ಕೊಂದು ಸರಳ ಪಠ್ಯದ ಕಡತವಿರುವುದು, ಪುಟದಿಂದ ಪುಟಕ್ಕೆ ಕೊಂಡಿ ಹಾಕಬಹುದು. ಹತ್ತು ಪುಟ ಬರೆದು, ತಂತ್ರಾಂಶವನ್ನೇ ಗಣಕದಿಂದ ತೆಗೆದುಹಾಕಿ, ಕಡತಗಳನ್ನು ಸಾಮಾನ್ಯ ನೋಟ್‌ಪ್ಯಾಡಿನಲ್ಲಿ ತೆರೆದೆನು. ಒಂದಕ್ಷರವೂ ಕೆಡದೆ ಓದಲು ಬಂದಿತು. ನೋಟಕ್ಕೆ ಹಳೆಯದು, ಫೋನಿಗೆ ಒಗ್ಗದು. ಮಗಳು ನೋಡಿ ನಕ್ಕಳು. ನನಗೆ ಆ ಪರೀಕ್ಷೆಯೇ ಸಾಕಾಯಿತು.

ಆದರೆ ತೆರೆಯುವ ಕಡತವೆಲ್ಲ ಓದಬರುವ ಕಡತವಲ್ಲ. ಬೇಕಾದ ಹಾಡು 2003ರ ಬರಹಗಳಲ್ಲಿದ್ದಿತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಎಡೆ ದೊರೆತಿದ್ದರೂ ನಮ್ಮ ಮನೆಗೆ ಅದು ಬಂದುದು ತಡವಾಗಿ. ಅದಕ್ಕೆ ಮುಂಚೆ ನಾನು ಬಳಸುತ್ತಿದ್ದ ಫಾಂಟು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದಿತು. ಫಾಂಟು ಹೋದೊಡನೆ ತಾಯಿಯವರ ಹಾಡು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಂಡಿತು. ಪರಿವರ್ತಕವೊಂದರ ನೆರವಿನಿಂದ ಬಹುಭಾಗವು ಯೂನಿಕೋಡಿಗೆ ಬಂದಿತು. ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿದುವು. ಎರಡು ತಿಂಗಳ ರಾತ್ರಿಗಳಲ್ಲಿ ಕುಳಿತು ಕೈಯಾರೆ ತಿದ್ದಿದೆನು.

ಹಾಡಿನ ಮೂರನೆಯ ಸಾಲಿನ ಒಂದು ಶಬ್ದವು ಮಾತ್ರ ಸರಿಹೋಗಲಿಲ್ಲ. ಹೂವಿನ ಹೆಸರೋ, ಒಡವೆಯ ಹೆಸರೋ ಹೊಳೆಯದು. ತಂಗಿಗೂ ನೆನಪಿರಲಿಲ್ಲ. ಅಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದನ್ನಿಟ್ಟು ಕಡತವನ್ನು ಮುಚ್ಚಿದೆನು. ಮದುವೆಯ ದಿನ ಅವಳು ಆ ಸಾಲನ್ನು ಬಿಟ್ಟು ಹಾಡಿದಳು.