ತಾರಾ ಎಲ್ಲಿ ಹೋದಳು?

ಮಿತಾಲಿ ಪರ್ಕಿನ್ಸ್ ಅವರ ‘ಯೂ ಬ್ರಿಂಗ್ ದ ಡಿಸ್ಟೆಂಟ್ ನಿಯರ್’ ಕಾದಂಬರಿಯನ್ನು ಓದಿದವರ ಮಾತು ಕೇಳುತ್ತಾ ಆಗಾಗ ಬರೆದಿಟ್ಟುಕೊಂಡದ್ದು ಇದು. 2017ರಲ್ಲಿ ಅಮೆರಿಕದಲ್ಲಿ ಬಂದ ಪುಸ್ತಕ. ಆ ವರ್ಷ ನ್ಯಾಷನಲ್ ಬುಕ್ ಅವಾರ್ಡ್‌ನ ಕಿರಿಯರ ಸಾಹಿತ್ಯ ವಿಭಾಗದ ಮೊದಲ ಪಟ್ಟಿಯಲ್ಲಿ ಇದರ ಹೆಸರಿತ್ತು. ಬಂಗಾಳದ ದಾಸ್ ಮನೆತನದ ಮೂರು ತಲೆಮಾರು, ಐವರು ಹೆಂಗಸರು: ರಾಣಿ, ಅವಳ ಹೆಣ್ಣುಮಕ್ಕಳಾದ ತಾರಾ ಮತ್ತು ಸೋನಿಯಾ, ತಾರಾಳ ಮಗಳು ಆನ್ನಾ, ಸೋನಿಯಾಳ ಮಗಳು ಶಾಂಟಲ್. ಹದಿಹರೆಯದವರಿಗೆಂದೇ ಬರೆದ ಕಥೆ. ಮುನ್ನೂರು ಪುಟಗಳ ಆಸುಪಾಸಿನ, ಸರಾಗವಾಗಿ ಓದಿಸಿಕೊಳ್ಳುವ ಪುಸ್ತಕದ ಬಗ್ಗೆ ಇಷ್ಟೊಂದು ಬೇರೆ ಬೇರೆ ಮಾತು ಯಾಕೆ ಬರುತ್ತದೆ ಎಂಬುದು ನನಗೆ ಬಿಡಿಸಲಾಗದ ಗಂಟಾಗಿದೆ.

*

ಅಕ್ಕನ ಮಗಳು ಹತ್ತನೇ ತರಗತಿ. ಅವಳ ಪ್ರತಿ ನನ್ನ ಕೈಯಲ್ಲಿದೆ. ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು. ಮೊದಲರ್ಧದಲ್ಲಿ ತಾರಾಳ ಹೆಸರಿನ ಪಕ್ಕ ಪುಟ್ಟ ಪುಟ್ಟ ನಕ್ಷತ್ರಗಳು. 1973ರಲ್ಲಿ ಲಂಡನ್ನಿನಿಂದ ನ್ಯೂಯಾರ್ಕಿಗೆ ಬಂದಿಳಿದ ಹುಡುಗಿ ತಾರಾ. ಹೊಸ ಶಾಲೆಗೆ ಹೋಗುವ ಮೊದಲು ಟಿವಿ ಧಾರಾವಾಹಿಯ ಅಮೆರಿಕನ್ ಹುಡುಗಿಯೊಬ್ಬಳ ಮಾತು, ನಗು, ನಡಿಗೆಯನ್ನೆಲ್ಲ ಪಾಠದಂತೆ ಕಲಿಯುತ್ತಾಳೆ. ಊರು ಬದಲಾದರೆ ವೇಷವೂ ಬದಲಾಗಬೇಕು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ತಾನಾಗಿ ತಿಳಿದುಕೊಂಡಿದ್ದಾಳೆ. ಕಥೆ ಅರ್ಧ ದಾಟುವ ಹೊತ್ತಿಗೆ ಒಮ್ಮೆಲೇ ವರ್ಷಗಳು ಉರುಳಿ, ತಾರಾ ಮುಂಬೈಯ ಸಿನಿಮಾ ತಾರೆ, ಇನ್ನೊಬ್ಬಳ ತಾಯಿ. ಆ ಪುಟದ ಅಂಚಿನಲ್ಲಿ ನಕ್ಷತ್ರವಿಲ್ಲ. ‘ತಾರಾ ಎಲ್ಲಿ ಹೋದಳು?’ ಎಂದು ಬರೆದಿದ್ದಾಳೆ. ಒತ್ತಿ ಬರೆದದ್ದಕ್ಕೆ ಹಿಂದಿನ ಪುಟದಲ್ಲೂ ಅಚ್ಚು ಮೂಡಿದೆ.

ಇದೇ ದೂರನ್ನು ದೊಡ್ಡವರ ಬಾಯಲ್ಲೂ ಕೇಳಿದ್ದೇನೆ. ಇನ್ನೇನು ಹತ್ತಿರವಾದಳು ಎನ್ನುವಾಗ ಲೇಖಕಿ ಅವಳನ್ನು ಕೈಬಿಟ್ಟರು, ಮದುವೆಯಿಲ್ಲ, ಮೊದಲ ಸಿನಿಮಾ ಇಲ್ಲ, ಕಷ್ಟಪಟ್ಟದ್ದು ಇಲ್ಲ, ಎಲ್ಲವೂ ನೇಪಥ್ಯದಲ್ಲೇ ಮುಗಿದುಹೋಗಿದೆ ಎಂದು. ಹಾಗಾದರೆ ಇದು ಕಾದಂಬರಿಯ ಕುಂದೇ?

ಅಷ್ಟು ಸುಲಭವಾಗಿ ಹೌದೆನ್ನಲಾರೆ. ಅಕ್ಕ ಕಾಲೇಜಿನಲ್ಲಿದ್ದಾಗ ನಾಟಕವಾಡುತ್ತಿದ್ದಳು, ಚೆನ್ನಾಗಿ ಆಡುತ್ತಿದ್ದಳು. ಮಗಳಿಗೆ ಅದು ಗೊತ್ತಾದದ್ದು ಬೀರುವಿನಲ್ಲಿ ಏನೋ ಹುಡುಕುವಾಗ ಸಿಕ್ಕ ಪ್ರಮಾಣಪತ್ರದಿಂದ. ಅಂದು ಆ ವೇದಿಕೆಯ ಮೇಲೆ ನಿಂತವಳಿಗೂ ಇಂದು ಕುಕ್ಕರ್ ಸೀಟಿ ಎಣಿಸುತ್ತಾ ನಿಂತವಳಿಗೂ ನಡುವೆ ಏನಾಯಿತೆಂದು ಮಗಳು ಕೇಳಲಿಲ್ಲ, ತಾಯಿ ಹೇಳಲಿಲ್ಲ. ಪರ್ಕಿನ್ಸ್ ಬಿಟ್ಟ ಜಾಗ ಅದೇ. ಆನ್ನಾ ತನ್ನ ಅಮ್ಮನನ್ನು ಕಾಣುವ ಬಗೆಯಲ್ಲೇ ನಾವೂ ತಾರಾಳನ್ನು ಕಾಣಬೇಕು. ಒಂದೇ ವ್ಯತ್ಯಾಸ, ಮಗಳಿಗೆ ಗೊತ್ತಿಲ್ಲದ ಆ ಹುಡುಗಿ ನಮಗೆ ಗೊತ್ತು. ಆದ್ದರಿಂದಲೇ ಓದುಗರಿಗೆ ಸಂಕಟ ಹೆಚ್ಚು ಅನಿಸುತ್ತದೆ.

ಇಷ್ಟು ಹೇಳಿದರೂ ಅಕ್ಕನ ಮಗಳು ಒಪ್ಪಲಿಲ್ಲ. “ಅದೆಲ್ಲ ಸರಿ ಚಿಕ್ಕಮ್ಮ, ನಂಗೆ ತಾರಾ ಬೇಕಿತ್ತು” ಅಂದಳು.

*

ದೊಡ್ಡವರು ಮತ್ತೆ ಮತ್ತೆ ಆಡುವ ಮಾತೊಂದು: ‘ನನಗೆ ಇಷ್ಟವಾಯಿತು, ಆದರೆ ಮಕ್ಕಳು ಇದನ್ನು ಓದುತ್ತಾರೆಯೇ?’ ಅಜ್ಜಿಯ ಬದುಕು, ವೈಧವ್ಯ, ವಲಸೆ, ಇಷ್ಟೆಲ್ಲ ಹದಿನಾರು ವರ್ಷದವರಿಗೆ ಯಾಕೆ ಎಂದು. ಅಮೆರಿಕದಲ್ಲಿ ಬೌಕರ್ ಸಂಸ್ಥೆ 2012ರಲ್ಲಿ ಲೆಕ್ಕ ಹಾಕಿದಾಗ, ಹದಿಹರೆಯದವರ ಪುಸ್ತಕ ಕೊಳ್ಳುವವರಲ್ಲಿ ಶೇ. 55ರಷ್ಟು ಮಂದಿ 18 ದಾಟಿದವರೇ ಆಗಿದ್ದರು. ಕೊಳ್ಳುವವರು ದೊಡ್ಡವರು, ಅಭಿಪ್ರಾಯ ಹೇಳುವವರಲ್ಲೂ ಬಹುಪಾಲು ದೊಡ್ಡವರು, ಚಿಂತೆ ಮಾತ್ರ ಮಕ್ಕಳ ಹೆಸರಿನಲ್ಲಿ. ನಾನು ಮಾತಾಡಿಸಿದ ಹುಡುಗಿಯರಿಗೆ ಪುಸ್ತಕದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ರಾಣಿಯೇ. ಪ್ರೇಮಕಥೆಗಳ ಬಗ್ಗೆ ಅವರು ಎರಡು ಮಾತಾಡಿ ಮುಗಿಸಿದರು. ರಾಣಿಯನ್ನು ಬಯ್ಯಲು ಮಾತ್ರ ಅವರಿಗೆ ಹೊತ್ತು ಸಾಲಲಿಲ್ಲ.

*

ರಾಣಿಯ ವಿಷಯ. ಇಲ್ಲಿಯೇ ಎಲ್ಲರೂ ತಡವರಿಸುವುದು.

ದಾಸ್ ಕುಟುಂಬ ಮೊದಲು ಬಾಡಿಗೆಗೆ ಇಳಿಯುವುದು ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿ. (ಅಮೆರಿಕಕ್ಕೆ ಹೋಗಿ ಬಂದ ಕನ್ನಡಿಗರಿಗೆ ಫ್ಲಶಿಂಗ್ ಎಂದರೆ ಗಣೇಶನ ಗುಡಿ, ಅದರ ಕ್ಯಾಂಟೀನಿನ ದೋಸೆ. ಆ ಗುಡಿಯ ಪ್ರತಿಷ್ಠಾಪನೆ ಆದದ್ದು 1977ರ ಜುಲೈಯಲ್ಲಿ. ರಾಣಿ ಬಂದಾಗ ಅದಿರಲಿಲ್ಲ.) ನೆರೆಹೊರೆಯಲ್ಲಿ ಕಪ್ಪು ಜನರಿದ್ದಾರೆಂಬ ಭಯಕ್ಕೆ ರಾಣಿ ಮಕ್ಕಳನ್ನು ಹೊರಗೆ ಅಡ್ಡಾಡಲು ಬಿಡುವುದಿಲ್ಲ. ಸೋನಿಯಾ ಪುಸ್ತಕ, ನೋಟ್‌ಬುಕ್ ಹಿಡಿದು ಕಿಟಕಿಯಾಚೆಯ ಕಬ್ಬಿಣದ ಮೆಟ್ಟಿಲ ಮೇಲೆ ಕೂರುತ್ತಾಳೆ. ಬೆಂಕಿ ಬಿದ್ದರೆ ಇಳಿದು ಓಡಲೆಂದು ಹಳೆಯ ಕಟ್ಟಡಗಳ ಹೊರಗೋಡೆಗೆ ಕಟ್ಟಿರುತ್ತಾರಲ್ಲ, ಅದು. ಪರ್ಕಿನ್ಸ್ ತಾವೂ ಕೋಲ್ಕತ್ತದಲ್ಲಿ ಹುಟ್ಟಿ, ಊರೂರು ಸುತ್ತಿ, ಹುಡುಗಿಯಾಗಿದ್ದಾಗ ಫ್ಲಶಿಂಗ್‌ನ ಅಂಥದೇ ಮೆಟ್ಟಿಲ ಮೇಲೆ ಕೂತು ಓದಿದವರು. ಮನೆಯ ಒಳಗೂ ಅಲ್ಲದ, ಬೀದಿಯೂ ಅಲ್ಲದ ಆ ಜಾಗವನ್ನು ಅವರು ಬರೆದಿರುವ ರೀತಿಯಲ್ಲಿ ಕೂತವರ ಮೈಯ ಅರಿವಿದೆ.

ಮುಂದೆ ಸೋನಿಯಾ ಕಪ್ಪು ಹುಡುಗ ಲೂನನ್ನು ಮದುವೆಯಾಗುತ್ತಾಳೆ. ತಾಯಿ ಮಾತು ಬಿಡುತ್ತಾಳೆ. ಭಾರತದಿಂದ ಓದಿದವರು ಹೆಚ್ಚಿನ ಸಂಖ್ಯೆಯಲ್ಲಿ ಹೋಗಿ ನೆಲೆಸುವಂತೆ ಅಮೆರಿಕ ಕಾನೂನು ಬದಲಿಸಿದ್ದು 1965ರಲ್ಲಿ. ಬಿಳಿಯರು ಬೇರೆ ವರ್ಣದವರನ್ನು ಮದುವೆಯಾಗುವುದು ಅಪರಾಧ ಎನ್ನುತ್ತಿದ್ದ ರಾಜ್ಯಗಳ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 1967ರಲ್ಲಿ, ಲವಿಂಗ್ ದಂಪತಿಯ ಮೊಕದ್ದಮೆಯಲ್ಲಿ. ಕಪ್ಪು ಜನ ಬೀದಿಗಿಳಿದು ಹಕ್ಕಿಗಾಗಿ ಹೋರಾಡಿ ಗೆದ್ದ ಕಾಲದಲ್ಲೇ ನಮ್ಮವರಿಗೂ ಆ ದೇಶದ ಬಾಗಿಲು ತೆರೆದುಕೊಂಡಿತು. ಹಾಗೆ ಒಳಬಂದ ರಾಣಿಯೇ ಲೂನ ಮುಖಕ್ಕೆ ಬಾಗಿಲು ಹಾಕುತ್ತಾಳೆ.

ಹುಡುಗಿಯರಿಗೆ ಇದನ್ನು ಓದಿ ಬಂದದ್ದು ಸಿಟ್ಟು, ನೇರವಾದ ಸಿಟ್ಟು. ನ್ಯೂಜೆರ್ಸಿಯಲ್ಲಿರುವ ನನ್ನ ಹಳೆಯ ಗೆಳತಿಗೆ ಬಂದದ್ದು ನಾಚಿಕೆ. ಬೆಂಗಳೂರಿನಿಂದ ಹೋಗಿ ಬಹಳ ಕಾಲವಾಯಿತು, ಮಕ್ಕಳು ಅಲ್ಲಿಯೇ ದೊಡ್ಡವರಾದರು. ಮೊದಲ ಮನೆ ಹುಡುಕುವಾಗ ‘ಏರಿಯಾ ಸರಿಯಿಲ್ಲ’ ಎಂದು ತಾವೆಲ್ಲ ಆಡುತ್ತಿದ್ದ ಮಾತಿಗೆ ಏನರ್ಥವಿತ್ತೆಂದು ಈ ಪುಸ್ತಕ ಓದುವಾಗ ಎದೆಗೆ ತಾಗಿತು ಎಂದಳು. ಇನ್ನು ನನ್ನ ಅಕ್ಕ. ಅವಳು ರಾಣಿಯ ಪರ. ಗಂಡ ಸತ್ತ ಮೇಲೆ ಪರದೇಶದಲ್ಲಿ ಒಬ್ಬಳೇ ನಿಂತವಳಿಗೆ ಮಕ್ಕಳ ಮೇಲಿನ ಹಿಡಿತ ಬಿಟ್ಟರೆ ಬೇರೆ ಏನು ಉಳಿದಿತ್ತು ಎಂದು ಅಕ್ಕ ಕೇಳುತ್ತಾಳೆ.

ಇವರೆಲ್ಲರೂ ಓದಿದ್ದು ಅದೇ ಪುಟಗಳನ್ನು. ರಾಣಿಯನ್ನು ದ್ವೇಷಿಸಲೂ ಅಪ್ಪಿಕೊಳ್ಳಲೂ ಅಲ್ಲಿ ಜಾಗವಿದೆ, ತೀರ್ಪು ಬರೆದಿಟ್ಟಿಲ್ಲ. ಹದಿಹರೆಯದವರ ಪುಸ್ತಕಗಳಲ್ಲಿ ವರ್ಣಭೇದ ಮಾಡುವವರು ಸಾಮಾನ್ಯವಾಗಿ ಹೊರಗಿನವರು, ಕೆಟ್ಟವರು. ಇಲ್ಲಿ ಅದನ್ನು ಮಾಡುವವಳು ರಾತ್ರಿ ಬಡಿಸಿ ಮಲಗಿಸುವ ಅಮ್ಮ. ಈ ಕಾದಂಬರಿಯ ಬಗ್ಗೆ ನನಗಿರುವ ಗೌರವಕ್ಕೆಲ್ಲ ಮೂಲ ಇದೇ.

*

ಒಂದು ಆಕ್ಷೇಪಣೆ ನನ್ನದೂ ಇದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ರಾಣಿ ತಾನು ಅಮೆರಿಕನ್ ಆಗಿಯೇ ತೀರುತ್ತೇನೆಂದು ಹೊರಡುತ್ತಾಳೆ, ಉಡುಗೆ ತೊಡುಗೆಯಿಂದ ಹಿಡಿದು ಎಲ್ಲವನ್ನೂ ಬದಲಿಸುತ್ತಾಳೆ. ಕಿರಿಯರಿಗೆ ಈ ಭಾಗ ಓದಲು ಖುಷಿ. ಮೊಮ್ಮಗಳು ಆನ್ನಾ ಮುಂಬೈಯಿಂದ ಬಂದು ಅಜ್ಜಿಯಲ್ಲಿ ಬಂಗಾಳವನ್ನು ಹುಡುಕುತ್ತಾಳೆ, ಅಜ್ಜಿ ಅಮೆರಿಕದ ಕಡೆಗೆ ಓಡುತ್ತಾಳೆ; ಆ ಎಳೆದಾಟ ಚೆನ್ನಾಗಿಯೇ ಇದೆ. ಆದರೆ ಆ ದಿನಗಳಲ್ಲಿ ಕಂದು ಮೈಯವರು, ಪಗಡಿ ತೊಟ್ಟವರು ಅಲ್ಲಿ ಎಷ್ಟು ಹೆದರಿ ಬದುಕಿದರು! ದಾಳಿಯಾದ ನಾಲ್ಕೇ ದಿನಕ್ಕೆ ಅರಿಜೋನಾದ ಮೆಸಾದಲ್ಲಿ ಬಲ್ಬೀರ್ ಸಿಂಗ್ ಸೋಧಿ ಎಂಬ ಸಿಖ್ಖರನ್ನು ಅವರದೇ ಪೆಟ್ರೋಲ್ ಬಂಕಿನ ಮುಂದೆ ಗುಂಡಿಟ್ಟು ಕೊಂದರು. ರಾಣಿಯ ಹೊಸ ಉತ್ಸಾಹದ ಅಡಿಯಲ್ಲಿ ಆ ಭಯದ ಪಾಲೆಷ್ಟು? ಲೇಖಕಿ ಅಲ್ಲಿ ಇನ್ನೊಂದಿಷ್ಟು ಹೊತ್ತು ನಿಲ್ಲಬೇಕಿತ್ತು. ತಾರಾಳ ವಿಷಯದಲ್ಲಿ ಬಿಟ್ಟ ಜಾಗ ಓದುಗರನ್ನು ಕಾಡುತ್ತದೆ. ಇಲ್ಲಿ ಬಿಟ್ಟದ್ದು ಕಾಡುವುದಿಲ್ಲ, ಬರೀ ಅವಸರವಾಗಿ ಕಾಣುತ್ತದೆ. ಎರಡೂ ಒಂದೇ ಕೈಯ ಕೆಲಸ ಎಂಬುದು ನನಗೆ ವಿಚಿತ್ರ.

*

ಮೂರು ತಲೆಮಾರನ್ನು ಒಂದೇ ಪುಸ್ತಕಕ್ಕೆ ತುಂಬಲೇಬೇಕೇ ಎಂದು ಕೇಳುವವರಿದ್ದಾರೆ. ಮಿಲ್ಡ್ರೆಡ್ ಟೇಲರ್ ಹಾಗೆ ಮಾಡಲಿಲ್ಲ. ಮಿಸಿಸಿಪಿಯ ಕಪ್ಪು ರೈತರಾದ ಲೋಗನ್ ಮನೆತನದ ಕಥೆಯನ್ನು 1975ರಲ್ಲಿ ಶುರು ಮಾಡಿದರು. 1976ರಲ್ಲಿ ಬಂದ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’ಗೆ ಮರುವರ್ಷ ನ್ಯೂಬರಿ ಪದಕ ಬಂತು. ಅಜ್ಜನ ಎಳೆತನದ ಕಥೆ ಓದುಗರ ಕೈಸೇರಿದ್ದು 2001ರಲ್ಲಿ. ಕೊನೆಯ ಪುಸ್ತಕ ಬಂದಾಗ 2020. ಮೊದಲ ಪುಸ್ತಕಗಳಲ್ಲಿ ಆ ಮನೆಯ ಪುಟ್ಟ ಹುಡುಗಿ ಕ್ಯಾಸಿಯನ್ನು ಕಂಡ ಮಕ್ಕಳು ಅವಳು ವಕೀಲೆಯಾಗುವುದನ್ನು ಓದುವ ಹೊತ್ತಿಗೆ ತಾವೇ ಅಜ್ಜಿಯರ ವಯಸ್ಸಿಗೆ ಹತ್ತಿರವಾಗಿದ್ದರು. ಅಲ್ಲಿ ‘ಅವಳು ಎಲ್ಲಿ ಹೋದಳು’ ಎಂಬ ದೂರಿಗೆ ಎಡೆಯಿಲ್ಲ, ಆದರೆ ಕಾಯುವಷ್ಟು ಆಯುಷ್ಯ ಬೇಕು.

ನಮ್ಮಲ್ಲಿ ಮೂರು ತಲೆಮಾರು ಎಂದ ಕೂಡಲೇ ಕಾರಂತರ ‘ಮರಳಿ ಮಣ್ಣಿಗೆ’ ನೆನಪಾಗುತ್ತದೆ. ಹದಿಹರೆಯದವರಿಗೆಂದು ಬರೆದದ್ದಲ್ಲ, ಆದರೆ ಎಷ್ಟೋ ಮಂದಿ ಆ ವಯಸ್ಸಿನಲ್ಲೇ ಓದಿದ್ದಾರೆ. ಅಲ್ಲಿ ಸರಸೋತಿ ನಮ್ಮ ಕಣ್ಣೆದುರೇ ದುಡಿದು ದುಡಿದು ಮುದುಕಿಯಾಗುತ್ತಾಳೆ. ಹಿರಿಯರನ್ನು ಹಿರಿಯರಾಗಿಯೇ, ಪೂರ್ತಿಯಾಗಿ ನೋಡುತ್ತೇವೆ. ಪರ್ಕಿನ್ಸ್ ಹಾಗಲ್ಲ, ಪ್ರತಿ ತಲೆಮಾರೂ ಹದಿನಾರರ ಹೊಸ್ತಿಲಲ್ಲಿ ನಿಂತಾಗ ಮಾತ್ರ ದೀಪ ಹಚ್ಚಿ, ಆಮೇಲೆ ಮುಂದಿನವರ ಕಡೆ ತಿರುಗುತ್ತಾರೆ. ಇದರಿಂದ ಓದುವ ಹದಿನಾರರ ಹುಡುಗಿಗೆ ಸಿಗುವ ಒಂದು ದೊಡ್ಡ ಲಾಭವಿದೆ: ತಾಯಿ, ಚಿಕ್ಕಮ್ಮ ಎಲ್ಲರೂ ಸ್ವಲ್ಪ ಹೊತ್ತು ಅವಳ ವಾರಿಗೆಯವರಾಗುತ್ತಾರೆ.

ಎಲ್ಲರೂ, ರಾಣಿಯೊಬ್ಬಳನ್ನು ಬಿಟ್ಟು. 1965ರ ಘಾನಾದಲ್ಲಿ ಕಥೆ ತೆರೆಯುವಾಗಲೇ ಅವಳು ಇಬ್ಬರು ಹುಡುಗಿಯರ ತಾಯಿ. ವಯಸ್ಸಿನ ಲೆಕ್ಕ ಹಿಡಿದರೆ ಬಂಗಾಳ ಎರಡಾಗಿ ಹರಿದ 1947ರ ಆಸುಪಾಸಿನಲ್ಲಿ ಅವಳು ಲಂಗ ತೊಟ್ಟ ಹುಡುಗಿ ಇದ್ದಿರಬೇಕು. ಆ ಹುಡುಗಿಗೇ ಒಂದು ಭಾಗವಿದ್ದಿದ್ದರೆ? ಮಗಳನ್ನು ಬೀದಿಗೆ ಬಿಡದ ಭಯ ಫ್ಲಶಿಂಗ್‌ನಲ್ಲಿ ಹುಟ್ಟಿದ್ದಲ್ಲ ಎಂದು ನನ್ನ ಗುಮಾನಿ.

*

ಕೊನೆಯ ಭಾಗದ ಶಾಂಟಲ್ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಒಂದು ಕಡೆ ಬಂಗಾಳದ ಅಜ್ಜಿ, ಇನ್ನೊಂದು ಕಡೆ ಕಪ್ಪು ಅಜ್ಜಿ, ನಡುವೆ ನಿಂತು ಇಬ್ಬರನ್ನೂ ಸಂಭಾಳಿಸುವ ಹುಡುಗಿ. ನನ್ನ ಗೆಳತಿಯ ಮಗ ಮಾತ್ರ ಪುಸ್ತಕವಿರುವುದೇ ಅವಳಿಗಾಗಿ ಎಂದನಂತೆ. ಅಲ್ಲಿ ಹುಟ್ಟಿ ಬೆಳೆದವನು.

*

ಈಗ ನಮ್ಮ ಅಮ್ಮನ ಸರದಿ. ಇಂಗ್ಲಿಷ್ ಓದಲು ಬಾರದ ಅವರಿಗೆ ಅಕ್ಕನ ಮಗಳು ರಾತ್ರಿ ಊಟದ ನಂತರ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದಾಳೆ. ಸೋನಿಯಾಳ ಮದುವೆಯವರೆಗೆ ಬಂದಿದೆ. ಅಮ್ಮನಿಗೆ ವರ್ಷಗಳು ಹಾರುವುದು ತೊಡಕಾಗಲಿಲ್ಲ, ಹರಿಕಥೆ ಕೇಳಿ ಬೆಳೆದವರು. ಅವರ ಪ್ರಶ್ನೆಗಳೇ ಬೇರೆ. ರಾಣಿಯ ತವರಿನವರು ಯಾರು, ಎಷ್ಟು ಜನ? ಗಂಡ ತೀರಿಕೊಂಡಾಗ ಯಾರು ಬಂದು ಜೊತೆಗಿದ್ದರು? ಅಡಿಗೆ ಯಾರು ಮಾಡಿದರು? “ಹುಡುಕಿ ನೋಡೇ, ಬರೆದಿರ್ತಾಳೆ” ಎನ್ನುತ್ತಾರೆ. ಅವಳು ಪುಟಗಳನ್ನು ಹಿಂದೆ ಮುಂದೆ ತಿರುವುತ್ತಾಳೆ. ತಾರಾಳನ್ನು ಹುಡುಕುತ್ತಿದ್ದವಳು ಈಗ ಅಜ್ಜಿಯ ಕಾರಣದಿಂದ ರಾಣಿಯ ತವರನ್ನು ಹುಡುಕುತ್ತಿದ್ದಾಳೆ.

ಲೂನ ವಿಷಯ ಬಂದಾಗ ಅಮ್ಮ ಯಾರ ಪರವೆಂದು ಕೇಳಿದೆ. “ಹುಡುಗ ಒಳ್ಳೆಯವನಾದ್ರೆ ಸಾಕು. ಆದ್ರೆ ಆ ರಾಣೀನ ಬಯ್ಬೇಡಿ, ಅವಳ ಕಥೆ ಇನ್ನೂ ನೀವು ನಂಗೆ ಹೇಳೇ ಇಲ್ಲ” ಅಂದರು.