ಸತ್ತ ಕೋಳಿಯ ಸುದ್ದಿ

2006ನೆಯ ಇಸವಿಯ ಫೆಬ್ರವರಿ ತಿಂಗಳು. ಶಿವರಾತ್ರಿ ಸಮೀಪಿಸಿದ್ದಿತು. ಅಂಕೋಲೆಯ ನಮ್ಮ ಮನೆಯ ಹಿತ್ತಿಲಲ್ಲಿ ಆಗ ಒಂಬತ್ತು ಕೋಳಿಗಳಿದ್ದುವು. ಅವು ನಮ್ಮ ಅತ್ತೆಯವರ ಸ್ವತ್ತು. ಮೊಟ್ಟೆ ಮಾರಿ ಬಂದ ಹಣದ ಲೆಕ್ಕವನ್ನು ಅವರು ಯಾರಿಗೂ ಒಪ್ಪಿಸುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಒಂದು ಸಂಜೆ ಹೇಂಟೆಯೊಂದು ಕತ್ತು ಜೋಲಿಸಿ ನಿಂತಿತು, ಬೆಳಗಾಗುವಷ್ಟರಲ್ಲಿ ಸತ್ತಿತು. “ಉಳಿದವು ಸಾಯುವ ಮೊದಲೇ ಸಾಗಿಸಿಬಿಡಿ” ಎಂದರು ಅತ್ತೆಯವರು. ಆ ಮಾತು ನಮಗೂ ಲಾಭದ ಮಾತಾಗಿಯೇ ತೋರಿತು. ಎರಡು ಕೋಳಿಗಳನ್ನು ಬುಟ್ಟಿಯಲ್ಲಿಟ್ಟು, ಒಂದು ತಾಸಿನ ಬಸ್ಸಿನ ದಾರಿಯಾದ ಕಾರವಾರಕ್ಕೆ ಒಯ್ದು, ತಂಗಿಯ ಮನೆಯಲ್ಲಿ ಬಿಟ್ಟು ಬಂದವರು ನಾವೇ. ಅಲ್ಲಿಯ ನಾಲ್ಕು ವರುಷದ ಕೂಸು ಕೋಳಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಕ್ಕಿಕಾಳು ತಿನ್ನಿಸುವುದನ್ನು ಕಂಡು ನಕ್ಕೆವು. ಗೂಡಿನಲ್ಲಿ ಒಂದು ಸತ್ತಿತೆಂಬ ಮಾತನ್ನು ಮಾತ್ರ ಹೇಳಲಿಲ್ಲ.

ಮನೆಗೆ ಮರಳಿದ ಮೂರು ದಿನಗಳಲ್ಲಿ ಇನ್ನೂ ನಾಲ್ಕು ಸತ್ತುವು. ಅದೇ ಸಮಯಕ್ಕೆ ವರ್ತಮಾನಪತ್ರಿಕೆಯಲ್ಲಿ ಸುದ್ದಿ ಬಂದಿತು: ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ನವಾಪುರದಲ್ಲಿ ಹಕ್ಕಿಜ್ವರವು ಕಾಣಿಸಿಕೊಂಡಿದೆ, ಹಿಂದುಸ್ಥಾನದಲ್ಲಿ ಇದೇ ಮೊದಲು. 1997ರಲ್ಲಿ ಹಾಂಗ್‌ಕಾಂಗಿನಲ್ಲಿ ಇದೇ ರೋಗವು ಕೋಳಿಗಳಿಂದ 18 ಜನರಿಗೆ ತಗಲಿ, ಅವರಲ್ಲಿ 6 ಜನರು ಮೃತರಾದರೆಂಬುದನ್ನೂ ಅಂದೇ ಓದಿದೆವು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಕೂಸಿನ ತೊಡೆಯ ಮೇಲಿನ ಕೋಳಿಯೇ ಕಾಣುತ್ತಿದ್ದಿತು. ಪಶುವೈದ್ಯರಿಗೆ ತಿಳಿಸೋಣವೆಂದರೆ ಅತ್ತೆಯವರು, “ನೆರೆಯವರ ಕೋಳಿಗಳನ್ನೂ ಕೊಲ್ಲಿಸಿಯಾರು, ಅವರ ಶಾಪ ನಮಗೆ ತಟ್ಟೀತು” ಎಂದು ಕಣ್ಣೀರು ತಂದರು. ಅವರ ಅಂಜಿಕೆ ಸುಳ್ಳಲ್ಲ. ಬಡವರ ಮನೆಗಳಲ್ಲಿ ರೋಗವು ಮುಚ್ಚಿಡಲ್ಪಡುವುದು ದುಷ್ಟತನದಿಂದಲ್ಲ, ಈ ಅಂಜಿಕೆಯಿಂದಲೇ.

ಬೆಳಗಾಗುತ್ತಲೇ ಕಾರವಾರಕ್ಕೆ ಟೆಲಿಫೋನು ಮಾಡಿ ಇದ್ದುದನ್ನು ಇದ್ದಂತೆ ಹೇಳಿದೆವು. ತಂಗಿಯು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಕೂಸಿಗೆ ನಿನ್ನೆಯಿಂದ ಮೈ ಬಿಸಿ” ಎಂದಳು. ಆ ಒಂದು ಮಾತಿಗಿಂತ ದೊಡ್ಡ ಶಿಕ್ಷೆಯನ್ನು ನಾವು ಈವರೆಗೆ ಅನುಭವಿಸಿಲ್ಲ.

ಪಶುವೈದ್ಯರು ಬಂದು ಸತ್ತ ಕೋಳಿಗಳನ್ನು ಪರೀಕ್ಷೆಗೆ ಒಯ್ದರು. ಕೆಲವು ದಿನಗಳ ತರುವಾಯ ಉತ್ತರ ಬಂದಿತು: ಹಕ್ಕಿಜ್ವರವಲ್ಲ, ಕೊಕ್ಕರೆ ರೋಗ. ಅಷ್ಟರಲ್ಲಿ ಕೂಸಿನ ಜ್ವರವೂ ಇಳಿದಿದ್ದಿತು. ಅದು ಬರಿಯ ನೆಗಡಿಯ ಜ್ವರ.

ರಾಣಿಖೇತ ರೋಗವೆಂದೂ ಹೆಸರುಳ್ಳ ಈ ಕೊಕ್ಕರೆ ರೋಗವು ಮನುಷ್ಯರಿಗೆ ತಗಲಿದರೂ ಸಾಮಾನ್ಯವಾಗಿ ಕಣ್ಣು ಕೆಂಪಾಗುವುದಕ್ಕಿಂತ ಹೆಚ್ಚಿನ ಬಾಧೆಯನ್ನು ಕೊಡದು. ಕೋಳಿಗಳಿಗೆ ಇದರ ಲಸಿಕೆಯೂ ಉಂಟು. ಆದರೆ ಎರಡರಲ್ಲಿಯೂ ಕೋಳಿಗಳು ಸಾಯುವ ರೀತಿ ಹೆಚ್ಚುಕಡಿಮೆ ಒಂದೇ. ಹಿತ್ತಿಲಲ್ಲಿ ನಿಂತು ಇದು ಇಂಥದೇ ಎಂದು ಹೇಳುವುದು ಯಾರಿಂದಲೂ ಆಗದು; ಹಕ್ಕಿಜ್ವರದ ಕಡೆಯ ನಿರ್ಣಯವು ಭೋಪಾಲದ ಪ್ರಯೋಗಶಾಲೆಯಲ್ಲಿ ಆಗುವುದು. ನಾವು ಪಾರಾದುದು ಅದೃಷ್ಟದಿಂದಲೇ ಹೊರತು ವಿವೇಕದಿಂದಲ್ಲ.

ಆ ಮೇಲೆ ಹಕ್ಕಿಜ್ವರವು ನಮ್ಮ ನಾಡಿಗೂ ಬಂದಿತು. 2012ರಲ್ಲಿ ಹೆಸರಘಟ್ಟ, 2020ರಲ್ಲಿ ಮೈಸೂರು ಮತ್ತು ದಾವಣಗೆರೆ, 2025ರಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿಯ ಸೀಮೆಗಳು ಅದನ್ನು ಕಂಡುವು. ನೀರುಹಕ್ಕಿಗಳು ಇದರ ವಿಷವನ್ನು ದೇಶದಿಂದ ದೇಶಕ್ಕೆ ಒಯ್ಯುವುವು. ಹಿಕ್ಕೆಯಿಂದ ಅದು ಸಾಕಿದ ಕೋಳಿಗಳಿಗೆ ತಗಲುವುದು. ಮನುಷ್ಯರಿಂದ ಮನುಷ್ಯರಿಗೆ ಇದು ಸುಲಭವಾಗಿ ಹರಡದು; ಆದರೆ ತಗಲಿದವರಲ್ಲಿ ಬಹುಮಂದಿಯ ಪ್ರಾಣಕ್ಕೆ ಅಪಾಯವುಂಟು. 2021ರಲ್ಲಿ ಹರಿಯಾಣದ ಒಬ್ಬ ಬಾಲಕನೂ, 2025ರಲ್ಲಿ ಆಂಧ್ರದ ಎರಡು ವರುಷದ ಒಂದು ಹೆಣ್ಣುಕೂಸೂ ಇದರಿಂದ ತೀರಿಕೊಂಡರು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಚೆನ್ನಾಗಿ ಬೆಂದ ಮಾಂಸಕ್ಕೂ ಮೊಟ್ಟೆಗೂ ಹೆದರಬೇಕಾದುದಿಲ್ಲ. ಹಸಿಯ ಮಾಂಸವನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಕಾಯಿಲೆಯ ಕೋಳಿಯನ್ನು ಕೊಯ್ಯಬಾರದು, ಮಾರಬಾರದು, ಮಕ್ಕಳ ಕೈಗೆ ಕೊಡಬಾರದು. ಸತ್ತುದನ್ನು ಬರಿಗೈಯಿಂದ ಮುಟ್ಟದೆ, ಹೊಳೆಗೆ ಎಸೆಯದೆ, ಪಶುವೈದ್ಯರಿಗೆ ತಿಳಿಸಬೇಕು. ಹಕ್ಕಿಜ್ವರವೆಂದು ಸಿದ್ಧವಾದರೆ ಒಂದು ಕಿಲೋಮೀಟರಿನೊಳಗಿನ ಕೋಳಿಗಳನ್ನೆಲ್ಲ ಕೊಲ್ಲುವರು. ಅದಕ್ಕೆ ಸರಕಾರದಿಂದ ಪರಿಹಾರವೂ ಉಂಟು. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗನ ಕಾಯಿಲೆ ಕಂಡಂದಿನಿಂದ ಘಟ್ಟದ ಜನರು ಸತ್ತ ಮಂಗನ ಸುದ್ದಿಯನ್ನು ತಿಳಿಸಲು ಕಲಿತರು. ಸತ್ತ ಕೋಳಿಯ ಸುದ್ದಿಯೂ ಅಂಥದೇ.

ಉತ್ತರ ಬಂದ ದಿನ ಅತ್ತೆಯವರು ತಾವೇ ಬೇಲಿಯ ಬಳಿಗೆ ಹೋಗಿ ನೆರೆಯವರಿಗೆಲ್ಲ ತಿಳಿಸಿದರು. ಯಾರೂ ಶಪಿಸಲಿಲ್ಲ. ಆ ವಾರವೇ ಆ ಮನೆಗಳ ಕೋಳಿಗಳಿಗೆ ಲಸಿಕೆ ಬಿದ್ದಿತು. ಕಾರವಾರದ ಆ ಕೂಸು ಈಗ ಪ್ರಾಯಕ್ಕೆ ಬಂದಿದ್ದಾಳೆ. ಅವಳಿಗೆ ಇದೊಂದೂ ನೆನಪಿಲ್ಲ. ನಮಗೆ ಮರೆಯುವಂತಿಲ್ಲ.