ಪರೀಕ್ಷೆ ಇಲ್ಲದ ಕಾರು

ಪರೀಕ್ಷೆ ರದ್ದಾಯಿತು ಎಂದರೆ ಯಾವ ವಿದ್ಯಾರ್ಥಿಗೆ ತಾನೇ ಸಂತೋಷವಾಗುವುದಿಲ್ಲ? ಇಂಗ್ಲೆಂಡಿನ ಹಳೆಯ ಕಾರುಗಳಿಗೆ ಇಂಥ ಭಾಗ್ಯ ಒದಗಿಬಂದಿದೆ. ಅಲ್ಲಿ 1960ರಿಂದ ಕಾರುಗಳಿಗೂ ಪರೀಕ್ಷೆ ಉಂಟು. ಜನರ ಬಾಯಲ್ಲಿ ಅದರ ಹೆಸರು ‘ಎಂಓಟಿ’. ಮೂರು ವರ್ಷ ತುಂಬಿದ ಕಾರನ್ನು ಪ್ರತಿವರ್ಷ ಒಯ್ದು ಬ್ರೇಕು, ಸ್ಟಿಯರಿಂಗು, ಚಕ್ರ, ದೀಪ ಎಲ್ಲವನ್ನೂ ತೋರಿಸಿ ಪಾಸು ಮಾಡಿಸಬೇಕು. ಆದರೆ 2018ರ ಮೇ ತಿಂಗಳಿಂದ, 40 ವರ್ಷ ದಾಟಿದ, ಮೂಲರೂಪ ಹೆಚ್ಚು ಬದಲಾಗದ ಕಾರುಗಳಿಗೆ ಈ ಪರೀಕ್ಷೆ ಕಡ್ಡಾಯವಲ್ಲ. ಕಾರು ರಸ್ತೆಗೆ ಯೋಗ್ಯವಾಗಿರಬೇಕೆಂಬ ಹೊಣೆ ಮಾತ್ರ ಮಾಲೀಕನ ಮೇಲೆ ಹಾಗೆಯೇ ಇದೆ. ಅಂದರೆ ಪರೀಕ್ಷಕ ಎದ್ದು ಹೋಗಿದ್ದಾನೆ. ಪ್ರಶ್ನೆಪತ್ರಿಕೆ ಮೇಜಿನ ಮೇಲೇ ಇದೆ.

ಬರ್ಮಿಂಗ್‌ಹ್ಯಾಮ್ ನಗರದ ಒಂದು ಮನೆಯಲ್ಲಿ 1979ರ ಮಿನಿ ಕಾರೊಂದಿದೆ. ಅಜ್ಜ ಓಡಿಸಿದ್ದು, ಆಮೇಲೆ ಅಪ್ಪ ಓಡಿಸಿದ್ದು. ಈಗ ಕಾಲೇಜಿಗೆ ಹೋಗುವ ಮಗಳ ಪಾಲಿಗೆ ಬಂದಿದೆ. ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ 1959ರಲ್ಲಿ ಹೊರಬಂದಾಗ ಅದರ ಉದ್ದ ಸುಮಾರು ಹತ್ತೇ ಅಡಿ. ಎಂಜಿನನ್ನು ಅಡ್ಡಲಾಗಿ ಕೂರಿಸಿ, ಮುಂದಿನ ಚಕ್ರಗಳೇ ಕಾರನ್ನು ಎಳೆಯುವಂತೆ ಮಾಡಿ, ಅಷ್ಟರಲ್ಲೇ ನಾಲ್ಕು ಜನಕ್ಕೆ ಜಾಗ ಮಾಡಿಕೊಟ್ಟ ಜಾಣತನ ಆತನದು. 2000ದಲ್ಲಿ ಅದೇ ನಗರದ ಲಾಂಗ್‌ಬ್ರಿಜ್ ಕಾರ್ಖಾನೆಯಿಂದ ಕೊನೆಯ ಮಿನಿ ಹೊರಬರುವ ಹೊತ್ತಿಗೆ ಒಟ್ಟು ಲೆಕ್ಕ 53 ಲಕ್ಷ ಮುಟ್ಟಿತ್ತು.

ಈ ಮಿನಿ ಹಳ್ಳ ಹತ್ತಿಳಿದಾಗಲೆಲ್ಲ ಮುಂಭಾಗದಲ್ಲಿ ‘ಟಕ್’ ಎಂದು ಸದ್ದು ಮಾಡತೊಡಗಿತು. ‘ಹೇಗೂ ಪರೀಕ್ಷೆ ಇಲ್ಲವಲ್ಲಪ್ಪ, ಓಡುವಷ್ಟು ದಿನ ಓಡಲಿ’ ಎಂದಳು ಮಗಳು. ಅಪ್ಪ ಬಯ್ಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಜ್ಯಾಕ್ ಕೊಟ್ಟು ಕಾರನ್ನೆತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ‘ಚಕ್ರದ ಮೇಲ್ತುದಿ, ಕೆಳತುದಿ ಹಿಡಿದು ಅಲ್ಲಾಡಿಸು ನೋಡೋಣ’ ಎಂದರು. ಚಕ್ರ ಲೊಡಲೊಡ ಎಂದಿತು. ಮೆಕ್ಯಾನಿಕ್ಕುಗಳು ಇದನ್ನೇ ‘ಪ್ಲೇ’ ಎನ್ನುವುದು. ಅಪ್ಪ ಒಳಗೆ ಕೂತು ಬ್ರೇಕ್ ಒತ್ತಿ ಹಿಡಿದರು. ಆಗ ಅಲ್ಲಾಟ ನಿಂತರೆ ದೋಷ ಚಕ್ರದ ಬೇರಿಂಗಿನದು. ನಿಲ್ಲದಿದ್ದರೆ ಬಾಲ್ ಜಾಯಿಂಟಿನ ಮೇಲೆ ಅನುಮಾನ. ಅಲ್ಲಾಟ ನಿಲ್ಲಲಿಲ್ಲ.

ಬಾಲ್ ಜಾಯಿಂಟ್ ಎಂದರೆ ಬಟ್ಟಲಿನಲ್ಲಿ ಕೂತ ಗುಂಡು. ನಮ್ಮ ತೊಡೆಯ ಮೂಳೆ ಸೊಂಟದಲ್ಲಿ ಕೂತಿರುವುದೂ ಹೀಗೆಯೇ. ಚಕ್ರ ಹಳ್ಳದಲ್ಲಿ ಮೇಲೆ ಕೆಳಗೆ ಆಡಬೇಕು, ತಿರುವಿನಲ್ಲಿ ಎಡಕ್ಕೂ ಬಲಕ್ಕೂ ಹೊರಳಬೇಕು. ಎರಡಕ್ಕೂ ಒಗ್ಗುವ ಕೀಲು ಇದು. ಮಿನಿಯ ಮುಂದಿನ ಒಂದೊಂದು ಚಕ್ರಕ್ಕೂ ಮೇಲೊಂದು, ಕೆಳಗೊಂದು ಇಂಥ ಕೀಲುಗಳಿವೆ. ಅದರ ರಬ್ಬರ್ ಮುಸುಕು ಹರಿದು ನೀರು, ಧೂಳು ಒಳಸೇರಿದರೆ ಅಥವಾ ಹೊತ್ತುಹೊತ್ತಿಗೆ ಗ್ರೀಸ್ ತುಂಬದಿದ್ದರೆ ಗುಂಡು ಸವೆಯುತ್ತದೆ. ಸವೆದು ಸವೆದು ಕೀಲು ಒಮ್ಮೆ ಕಳಚಿಕೊಂಡಿತೆಂದರೆ ಚಕ್ರ ವಾಲಿ, ಕಾರು ಚಾಲಕನ ಕೈಮೀರಿ ಹೋಗುತ್ತದೆ. ಅದಕ್ಕೆ ಸಪ್ಲಿಮೆಂಟರಿ ಪರೀಕ್ಷೆ ಇಲ್ಲ.

ಕೆಲಸ ಎರಡು ಭಾನುವಾರಗಳನ್ನು ನುಂಗಿತು. ಮಿನಿಗೆ ಸ್ಪ್ರಿಂಗಿನ ಬದಲು ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರ್ ಗೊಂಬುಗಳಿವೆ. ಅದನ್ನು ಮೊದಲು ವಿಶೇಷ ಉಪಕರಣದಿಂದ ಅದುಮಿ ಹಿಡಿದು, ತೋಳುಗಳಿಂದ ಕೀಲನ್ನು ಬಿಡಿಸಬೇಕು. ಆಮೇಲೆ ಒಂದೂವರೆ ಇಂಚಿನ ದೊಡ್ಡ ನಟ್ಟು. ವರ್ಷಗಟ್ಟಲೆ ತುಕ್ಕು ಹಿಡಿದ ಅದು ರಾತ್ರಿಯಿಡೀ ಎಣ್ಣೆಯಲ್ಲಿ ನೆಂದ ಮೇಲೆಯೇ ಕದಲಿದ್ದು. ಒಳಗಿನ ಗುಂಡಿನ ಮೈಮೇಲೆ ಗೀರುಗಳು, ಕೆಂಪು ಪುಡಿ. ಮಗಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

ಹೊಸದನ್ನು ತಂದು ಕೂರಿಸಿದರೆ ಮುಗಿಯಿತೆ? ಇಲ್ಲ. ಹೊಸ ಕೀಲಿನ ಜೊತೆ ‘ಶಿಮ್’ ಎಂಬ ತೆಳ್ಳನೆಯ ಲೋಹದ ಬಳೆಗಳು ಬರುತ್ತವೆ. ಕೆಲವಂತೂ ಇಂಚಿನ ಸಾವಿರದ ಎರಡು, ಮೂರು ಭಾಗದಷ್ಟು ದಪ್ಪ, ಹೆಚ್ಚುಕಡಿಮೆ ಒಂದು ತಲೆಗೂದಲು! ಮೊದಲು ಶಿಮ್ ಇಲ್ಲದೆ, ಅಲ್ಲಾಟ ನಿಲ್ಲುವಷ್ಟು ಮಾತ್ರ ನಟ್ಟನ್ನು ಬಿಗಿದು, ಅದರ ಕೆಳಗೆ ಉಳಿದ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಲಾಕ್ ವಾಷರೂ ಶಿಮ್ಮುಗಳೂ ಸೇರಿ ಆ ಸಂದನ್ನು ತುಂಬಬೇಕು. ಶಿಮ್ ಹೆಚ್ಚಾದರೆ ಕೀಲು ಸಡಿಲ, ಮತ್ತೆ ‘ಟಕ್’. ಕಡಿಮೆಯಾದರೆ ಬಿಗಿ, ಸ್ಟಿಯರಿಂಗ್ ಭಾರವಾಗಿ, ತಿರುವು ಮುಗಿದರೂ ತಾನಾಗಿ ನೇರಕ್ಕೆ ಮರಳುವುದಿಲ್ಲ.

ಬಿಗಿಯಾದಷ್ಟೂ ಒಳ್ಳೆಯದೆಂದು ಮಗಳು ಮೊದಲ ಸಲ ಶಿಮ್ ಕಡಿಮೆ ಹಾಕಿದಳು. ಗುಂಡು ಹೊರಳಲೇ ಇಲ್ಲ. ಬಿಚ್ಚಿ ಇನ್ನೊಂದು ಸೇರಿಸಿದಳು, ಸಡಿಲವಾಯಿತು. ಬಿಚ್ಚಿದಳು, ಅಳೆದಳು, ಇನ್ನೂ ತೆಳ್ಳಗಿನದನ್ನು ಹುಡುಕಿ ಹಾಕಿದಳು. ಅಂದು ಅಪ್ಪನಿಗೂ ಒಂದು ಪರೀಕ್ಷೆಯಿತ್ತು: ಮಗಳ ಕೈಯಿಂದ ಸ್ಪ್ಯಾನರ್ ಕಸಿದುಕೊಳ್ಳದೆ ಸುಮ್ಮನೆ ನಿಲ್ಲುವುದು. ಅವರೇ ಮಾಡಿದ್ದರೆ ಅರ್ಧ ಗಂಟೆಯ ಕೆಲಸ. ನಾಲ್ಕನೆಯ ಸಲ ಗುಂಡು ಅಲ್ಲಾಟವಿಲ್ಲದೆ, ತಡೆಯೂ ಇಲ್ಲದೆ ಹೊರಳಿದಾಗ, ಅದು ಸರಿಯಾಯಿತೆಂದು ಯಾರೂ ಅವಳಿಗೆ ಹೇಳಬೇಕಾಗಲಿಲ್ಲ. ಅವಳ ಬೆರಳಿಗೇ ಗೊತ್ತಾಯಿತು.

ಬಿಚ್ಚಿದ್ದಾಗಲೇ ಕೆಳತೋಳಿನ ರಬ್ಬರ್ ಬುಷ್‌ಗಳನ್ನೂ, ತೋಳನ್ನು ಮುಂದಕ್ಕೆ ಬಿಗಿದಿಡುವ ಟೈ ರಾಡಿನ ಬುಷ್‌ಗಳನ್ನೂ ಬದಲಾಯಿಸಿದರು. ಮುಂದಿನ ಚಕ್ರಗಳ ನೇರವನ್ನೂ ಗೇಜಿಟ್ಟು ಸರಿಪಡಿಸಿದರು. ಮಿನಿಯ ಮುಂಚಕ್ರಗಳು ನಿಂತಾಗ ಮುಂದುಗಡೆ ಇಂಚಿನ ಹದಿನಾರನೇ ಒಂದು ಭಾಗ ಹೊರಕ್ಕೆ ತೆರೆದಿರಬೇಕು. ಎಂಜಿನ್ ಎಳೆಯುವಾಗ ಅವು ತಾವಾಗಿ ಒಳಕ್ಕೆ ಸರಿಯುತ್ತವೆ.

ಕಡ್ಡಾಯವಲ್ಲದಿದ್ದರೂ ಇಷ್ಟವಿದ್ದವರು ಹಳೆಯ ಕಾರನ್ನು ಪರೀಕ್ಷೆಗೆ ಒಯ್ಯಬಹುದು. ಮರುವಾರ ಮಗಳು ಯಾರ ಒತ್ತಾಯವೂ ಇಲ್ಲದೆ ಶುಲ್ಕ ಕಟ್ಟಿ ಮಿನಿಯನ್ನು ಒಯ್ದಳು. ಪಾಸಾಯಿತು. ಮನೆಗೆ ಬಂದವಳೇ ನೋಟ್‌ಬುಕ್ ತೆಗೆದು, ಯಾವ ಕೀಲಿಗೆ ಎಷ್ಟು ದಪ್ಪದ ಶಿಮ್ ಹಾಕಿದೆ, ಮುಂದೆ ಎಷ್ಟು ಮೈಲಿಗೆ ಗ್ರೀಸ್ ತುಂಬಬೇಕು ಎಂದು ಬರೆದಿಟ್ಟಳು.